ಕೆಂಪು ಅಂಕಿಯ ಪಂಡಿತರು

ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಹೊರಡಿಸುತ್ತದೆ. ಬಹುಪಾಲು ಜನ ಅದರ ಮೇಲೆ ಕಣ್ಣಾಡಿಸಿ ಪತ್ರಿಕೆಯ ಪುಟ ತಿರುವುತ್ತಾರೆ. ಪಟ್ಟಿಯ ಅಡಿಯಲ್ಲಿರುವ ಸೂಚನೆಗಳನ್ನೂ ಕೊನೆಯ ಅಕ್ಷರದವರೆಗೆ ಓದುವವರು ಕಚೇರಿಗೊಬ್ಬರಿರುತ್ತಾರೆ. ಭಾನುವಾರ ಬಿದ್ದ ಹಬ್ಬಗಳನ್ನು ಪಟ್ಟಿಗೆ ಸೇರಿಸಿಲ್ಲ ಎಂಬ ಸಾಲು ಬಂದಾಗ ಅವರ ಮುಖ ಬಾಡುತ್ತದೆ. ಚಂದ್ರದರ್ಶನಕ್ಕೆ ತಕ್ಕಂತೆ ಮುಸ್ಲಿಂ ಹಬ್ಬಗಳ ರಜೆ ಅತ್ತಿತ್ತ ಸರಿಯಬಹುದು ಎಂಬ ಸಾಲಿಗೆ ಬಂದಾಗ ಮತ್ತೆ ಅರಳುತ್ತದೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಇವು ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ ಎಂದು ಓದಿದಾಗಲಂತೂ, ಮಡಿಕೇರಿಗೆ ವರ್ಗವಾಗಿ ಹೋದ ಸಹೋದ್ಯೋಗಿಯ ಅದೃಷ್ಟವನ್ನು ನೆನೆದು ಒಂದು ನಿಟ್ಟುಸಿರು. ಹನ್ನೊಂದು ಗಂಟೆಯ ಕಾಫಿ ಬರುವಷ್ಟರಲ್ಲಿ ಅವರ ಮೇಜಿನ ಮೇಲೆ ಒಂದು ಹಾಳೆ ಸಿದ್ಧವಾಗಿರುತ್ತದೆ. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಮುದ್ರಕರು ಕೆಂಪು ಹಚ್ಚಿದ್ದು ಸಾಲದೆಂದು, ಕಪ್ಪಗೆ ಉಳಿದ ಕೆಲವು ಅಂಕಿಗಳ ಸುತ್ತ ಪೆನ್ಸಿಲಿನ ಉಂಗುರಗಳೂ ಬಿದ್ದಿರುತ್ತವೆ. ಇವರನ್ನು ರಜಾ ಪಂಡಿತರು ಎನ್ನೋಣ. ಇವರಲ್ಲಿ ಹೆಂಗಸರೂ ಉಂಟು, ಆದರೆ ಗಂಡಸರೇ ಜಾಸ್ತಿ. ಅದಕ್ಕೊಂದು ಕಾರಣವಿದೆ, ಮುಂದೆ ಬರುತ್ತದೆ.

ಪಂಡಿತರ ಬಗ್ಗೆ ಲೋಕದ ತೀರ್ಪು ಒಂದೇ: ಮೈಗಳ್ಳ. ಈ ತೀರ್ಪನ್ನು ಒಪ್ಪಲು ನನಗೆ ಸಾಧ್ಯವಾಗಿಲ್ಲ. ಮೈಗಳ್ಳನಿಗೆ ಬೇಕಾದದ್ದು ಬಿಡುವು, ಪಂಡಿತರಿಗೆ ಬೇಕಾದದ್ದು ಲೆಕ್ಕ. ರಜೆ ಕೈಗೆ ಬಂದಮೇಲೆ ಅವರಿಗೆ ಅದರ ಮೇಲೆ ಹೇಳಿಕೊಳ್ಳುವಂಥ ಪ್ರೀತಿಯೇನೂ ಉಳಿಯುವುದಿಲ್ಲ. ಸಾಕ್ಷಿಗೆ 2025ರ ಏಪ್ರಿಲ್ ತಿಂಗಳನ್ನು ತೆಗೆದುಕೊಳ್ಳಿ. 10ನೇ ತಾರೀಖು ಗುರುವಾರ ಮಹಾವೀರ ಜಯಂತಿ. 12 ಎರಡನೇ ಶನಿವಾರ, 13 ಭಾನುವಾರ, 14ರ ಸೋಮವಾರ ಅಂಬೇಡ್ಕರ್ ಜಯಂತಿ. ನಡುವೆ 11ರ ಶುಕ್ರವಾರ ಒಂಟಿಯಾಗಿ ನಿಂತಿದೆ. ಅಂದು ಒಂದು ಸಿ.ಎಲ್. ಹಾಕಿದರೆ ಐದು ದಿನ ಕಚೇರಿಯ ಕಡೆ ತಲೆ ಹಾಕಬೇಕಿಲ್ಲ. ಆಮೇಲೆ ಮೂರು ದಿನ ಬಂದು ಮುಖ ತೋರಿಸಿದರೆ 18ಕ್ಕೆ ಗುಡ್ ಫ್ರೈಡೆ. ತಿಂಗಳ ಕೊನೆಗೆ 30ರ ಬುಧವಾರ ಬಸವ ಜಯಂತಿ, ಮರುದಿನ ಕಾರ್ಮಿಕರ ದಿನ. ಇಂಥ ತಿಂಗಳನ್ನು ಮೊದಲು ಕಂಡವನಿಗೆ ಸ್ವಾರ್ಥವಿದ್ದಿದ್ದರೆ ಬಾಯಿ ಮುಚ್ಚಿಕೊಂಡು ಜನವರಿಯಲ್ಲೇ ರಜೆ ಚೀಟಿ ಕೊಟ್ಟುಬಿಡಬೇಕಿತ್ತು. ಪಂಡಿತರು ಹಾಗೆ ಮಾಡುವವರಲ್ಲ. "ನೋಡಿದ್ರಾ ಸಾರ್, ಹನ್ನೊಂದನೇ ತಾರೀಖು?" ಎಂದು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಸಾರುತ್ತಾರೆ. ಪರಿಣಾಮವಾಗಿ ಶಾಖೆಯ ಐದಾರು ಮಂದಿ ಅದೇ ಶುಕ್ರವಾರಕ್ಕೆ ಅರ್ಜಿ ಹಾಕುತ್ತಾರೆ, ಸಾಹೇಬರು ಇಬ್ಬರಿಗೆ ಮಾತ್ರ ಮಂಜೂರು ಮಾಡುತ್ತಾರೆ, ಆ ಇಬ್ಬರಲ್ಲಿ ಪಂಡಿತರು ಇರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಖಾಲಿ ಕುರ್ಚಿಗಳ ನಡುವೆ ಹಾಜರಿ ಹಾಕಿ ಕೂತ ಅವರ ಮುಖದಲ್ಲಿ ಅಂಥ ದುಃಖವೇನೂ ಕಾಣುವುದಿಲ್ಲ, ಲೆಕ್ಕ ಸರಿಯಾಗಿತ್ತಲ್ಲ!

ಈ ಲೆಕ್ಕದ ಹಿಂದಿರುವ ಓದನ್ನು ಹಗುರವಾಗಿ ನೋಡುವಂತಿಲ್ಲ. ಬ್ಯಾಂಕಿನ ರಜೆಗಳನ್ನು ಘೋಷಿಸುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮಿನ ಅಡಿಯಲ್ಲಿ ಎಂಬುದು ಬ್ಯಾಂಕಿನಲ್ಲೇ ಕೆಲಸ ಮಾಡುವ ಅನೇಕರಿಗೆ ಗೊತ್ತಿರಲಿಕ್ಕಿಲ್ಲ, ಪಂಡಿತರಿಗೆ ಗೊತ್ತು. ಹುಂಡಿಯ ವಾಯಿದೆ ರಜಾ ದಿನದಂದು ಮುಗಿದರೆ ಏನು ಮಾಡಬೇಕು ಎಂಬ ವ್ಯಾಪಾರಸ್ಥರ ತಕರಾರಿಗೆ ಬ್ರಿಟಿಷರು ಬರೆದ ಪರಿಹಾರ ಅದು. ಚೆಕ್ ಬೌನ್ಸ್ ಆದವನನ್ನು 138ನೇ ಕಲಮಿನಲ್ಲಿ ಕೋರ್ಟಿಗೆ ಎಳೆಯುವ ಕಾಯ್ದೆಯೇ 25ನೇ ಕಲಮಿನಲ್ಲಿ ದೀಪಾವಳಿಗೆ ಮನೆಗೆ ಕಳಿಸುತ್ತದೆ ಎಂಬ ಸಂಗತಿ ಪಂಡಿತರಿಗೆ ಕೊಡುವಷ್ಟು ಸಂತೋಷವನ್ನು ಹೋಳಿಗೆಯೂ ಕೊಡಲಾರದು. ಕಾನೂನು ಮುಗಿದ ಮೇಲೆ ಖಗೋಳ. ಚಾಂದ್ರಮಾನ ವರ್ಷ ಸೌರಮಾನಕ್ಕಿಂತ ಸುಮಾರು 11 ದಿನ ಗಿಡ್ಡ, ಆ ಕೊರತೆಯನ್ನು ತುಂಬಲು ಎರಡೂವರೆ ವರ್ಷಕ್ಕೆ ಚೂರು ಮೇಲೆ ಒಂದು ಅಧಿಕ ಮಾಸ. ಮದುವೆ ಮಾಡಬೇಕಾದವರು ಅಧಿಕ ಮಾಸವನ್ನು ಶಪಿಸುತ್ತಾರೆ, ಪಂಡಿತರು ಹರಸುತ್ತಾರೆ. 2025ರಲ್ಲಿ ಆಗಸ್ಟ್ 27ರ ಬುಧವಾರ ಬಂದು ವಾರದ ನಟ್ಟನಡುವೆ ಕೂತಿದ್ದ ಗಣಪ, 2026ರಲ್ಲಿ ಅಧಿಕ ಜ್ಯೇಷ್ಠದ ದೆಸೆಯಿಂದ ಸೆಪ್ಟೆಂಬರ್ 14ರ ಸೋಮವಾರಕ್ಕೆ ಜರುಗಿದ್ದಾನೆ. ಹಿಂದಿನ ಶನಿವಾರ 12, ಅಂದರೆ ಎರಡನೆಯದು. ಚೀಟಿ ಬರೆಯದೆ ಮೂರು ದಿನ! ವಿಘ್ನೇಶ್ವರ ಎಂಬ ಹೆಸರು ಅವನಿಗೆ ಸುಮ್ಮನೆ ಬಂದಿಲ್ಲ.

ಪಂಡಿತರ ನಡುವೆ ಇಂದಿಗೂ ಮುಗಿಯದ ಶಾಸ್ತ್ರಾರ್ಥವೊಂದಿದೆ. 2019ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರರಿಗೆ ನಾಲ್ಕನೇ ಶನಿವಾರದ ರಜೆ ಕೊಟ್ಟಿತು, ಅದೇ ಕೈಯಿಂದ ವರ್ಷಕ್ಕೆ 15 ಇದ್ದ ಸಾಂದರ್ಭಿಕ ರಜೆಯನ್ನು 10ಕ್ಕೆ ಇಳಿಸಿತು. ವರ್ಷಕ್ಕೆ ನಾಲ್ಕನೇ ಶನಿವಾರಗಳು ಹನ್ನೆರಡು, ಹೋದದ್ದು ಐದು, ಆದ್ದರಿಂದ ಏಳು ದಿನ ಲಾಭ ಎನ್ನುವುದು ಒಂದು ಪಂಥ. ಕೂಡುವುದು ಕಳೆಯುವುದು ಬಂದವರೆಲ್ಲ ಈ ಪಂಥಕ್ಕೆ ಸೇರುತ್ತಾರೆ. ಇನ್ನೊಂದು ಪಂಥ ಸ್ವಲ್ಪ ಆಳಕ್ಕಿಳಿಯುತ್ತದೆ. ಸಿ.ಎಲ್. ನೌಕರನ ಜೇಬಿನಲ್ಲಿರುವ ನಾಣ್ಯ, ಬೇಕಾದ ಕಡೆ ಖರ್ಚು ಮಾಡಬಹುದು. ಶನಿವಾರವನ್ನು ಎಲ್ಲಿಗೂ ಎತ್ತಿಕೊಂಡು ಹೋಗುವಂತಿಲ್ಲ. ಅದಕ್ಕಿಂತ ಘೋರವಾದದ್ದೆಂದರೆ, ಹಬ್ಬಗಳು ಮುಳುಗಿಹೋಗಲು ತಿಂಗಳಿಗೆ ಇನ್ನೊಂದು ಹೊಸ ಜಾಗ ತಯಾರಾಯಿತು. ನನ್ನ ಒಲವು ಎರಡನೇ ಪಂಥದ ಕಡೆಗೇ. ಬ್ಯಾಂಕಿನವರು 2015ರ ಸೆಪ್ಟೆಂಬರ್‌ನಿಂದಲೇ ಎರಡು ಮತ್ತು ನಾಲ್ಕನೇ ಶನಿವಾರದ ರಜೆ ಅನುಭವಿಸುತ್ತಿದ್ದು, ಈ ತತ್ವಚರ್ಚೆಯಲ್ಲಿ ಅವರು ಹಿರಿಯ ವಿದ್ವಾಂಸರು.

ಮುಳುಗಿಹೋಗುವ ವಿಷಯ ಬಂದದ್ದರಿಂದ ಪಂಡಿತರ ದುಃಖದ ಬಗ್ಗೆಯೂ ಹೇಳಬೇಕು. ಉಳಿದವರಿಗೆ ಹಬ್ಬ ಬಂದರೆ ಬಂತು, ಯಾವ ವಾರವಾದರೇನು. ಪಂಡಿತರ ಪಾಲಿಗೆ 2024ರ ವಿಜಯದಶಮಿ ಅಕ್ಟೋಬರ್ 12ರಂದು, ಎರಡನೇ ಶನಿವಾರವೇ ಬಂದದ್ದು ಒಂದು ಆಘಾತ. ಮರುವರ್ಷ ಅದಕ್ಕೂ ಮಿಗಿಲಾದದ್ದು ಕಾದಿತ್ತು. 2025ರಲ್ಲಿ ತಿಥಿ ಬೆಳೆದು ಮೈಸೂರು ದಸರೆ ಹನ್ನೊಂದು ದಿನ ನಡೆಯಿತು. ನಾಡಿಗೆ ನಾಡೇ ಹನ್ನೊಂದು ದಿನದ ದಸರೆ ಎಂದು ಸಂಭ್ರಮಿಸುತ್ತಿದ್ದಾಗ, ಪಂಡಿತರಿಗೆ ಕಂಡದ್ದು ಆ ಬೆಳೆದ ತಿಥಿ ವಿಜಯದಶಮಿಯನ್ನು ತಳ್ಳಿಕೊಂಡು ಹೋಗಿ ಅಕ್ಟೋಬರ್ 2ರ ಮೇಲೆ ಕೂರಿಸಿದ್ದು. ಗಾಂಧಿ ಜಯಂತಿಯೂ ಜಂಬೂಸವಾರಿಯೂ ಒಂದೇ ಗುರುವಾರ. ಎರಡು ರಜೆ ಒಂದಾದರೆ ಮಿಕ್ಕ ಒಂದು ಎಲ್ಲಿಗೆ ಹೋಯಿತು ಎಂಬ ಅವರ ಪ್ರಶ್ನೆಗೆ ಪಂಚಾಂಗದವರಲ್ಲೂ ಉತ್ತರವಿಲ್ಲ, ಸಚಿವಾಲಯದವರಲ್ಲೂ ಇಲ್ಲ. ಅದೇ ವರ್ಷ ಗಣರಾಜ್ಯೋತ್ಸವ ಭಾನುವಾರ, ಯುಗಾದಿಯೂ ಭಾನುವಾರ. ಬೇವು ಬೆಲ್ಲ ಸಮನಾಗಿ ಸ್ವೀಕರಿಸಬೇಕೆಂಬ ಮಾತನ್ನು ಆ ಯುಗಾದಿಯ ದಿನ ಪಂಡಿತರಿಗೆ ಹೇಳಿ ದಕ್ಕಿಸಿಕೊಂಡವರು ಕಡಿಮೆ.

ರಜೆಯನ್ನು ಇಷ್ಟು ಪ್ರೀತಿಸುವವರು ರಜೆ ಹಾಕುವುದರಲ್ಲಿ ಕಡುಲೋಭಿಗಳು ಎಂಬುದು ನನ್ನ ವಾದಕ್ಕೆ ಸಿಕ್ಕಿರುವ ಎರಡನೇ ಆಧಾರ. ಗಳಿಕೆ ರಜೆಯನ್ನು ಅವರು ಮುಟ್ಟುವುದೇ ಇಲ್ಲ. ಜನವರಿಗೆ 15, ಜುಲೈಗೆ 15 ಎಂದು ಖಾತೆಗೆ ಬಂದು ಬೀಳುವ ಇ.ಎಲ್. ನಿವೃತ್ತಿಯ ದಿನಕ್ಕೆ 300 ಮುಟ್ಟಿ ನಗದಾಗಬೇಕು. ಆದ್ದರಿಂದ ಜ್ವರ ಬಂದರೂ ಶಾಲು ಹೊದ್ದು ಬಂದು ಕಡತದ ಮುಂದೆ ಕೆಮ್ಮುತ್ತ ಕೂರುತ್ತಾರೆ. ಪರಿಮಿತ ರಜೆಗಳದ್ದು ಬೇರೆ ಸಂಕಟ. ಪಟ್ಟಿಯಲ್ಲಿ ವರಮಹಾಲಕ್ಷ್ಮಿ ವ್ರತ, ಋಗ್ ಉಪಾಕರ್ಮ, ಷಬ್-ಎ-ಬರಾತ್, ಗುರುನಾನಕ್ ಜಯಂತಿ, ಕ್ರಿಸ್‌ಮಸ್ ಈವ್ ಎಂದು ಸಾಲುಗಟ್ಟಿದ್ದರೂ ಹಾಕಬಹುದಾದದ್ದು ವರ್ಷಕ್ಕೆ ಎರಡೇ. ಇನ್ನೂ ಒಳ್ಳೆಯ ಸಂದರ್ಭ ಬಂದೀತೆಂದು ಒಂದೊಂದನ್ನೇ ಬಿಟ್ಟುಕೊಡುತ್ತ ಹೋಗಿ, ಕೊನೆಗೆ ಉಳಿಯುವುದು ಡಿಸೆಂಬರ್. ಸಿ.ಎಲ್. ಮಾತ್ರ ಇ.ಎಲ್.ನಂತೆ ಕೂಡಿಡಲು ಬರುವುದಿಲ್ಲ, 31ರ ರಾತ್ರಿ ಅದರ ಆಯುಷ್ಯ ಮುಗಿಯುತ್ತದೆ. ಸಾಹೇಬರು ಸಹಿ ಹಾಕಬೇಕು, ಸಾಹೇಬರೂ ರಜೆಯಲ್ಲಿದ್ದಾರೆ. ಆಗ ಕಚೇರಿಯ ಬಾಗಿಲಿಗೆ ಬಂದ ಸಾರ್ವಜನಿಕರಿಗೆ ಕಾಣುವುದು ಒಬ್ಬ ಜವಾನ, ಮತ್ತು ವರ್ಷವಿಡೀ ಉಳಿಸಿದ್ದನ್ನು ಹೇಗೆ ಖರ್ಚು ಮಾಡುವುದೆಂದು ತಿಳಿಯದೆ ಅರ್ಧ ದಿನದ ಸಿ.ಎಲ್.ಗಳನ್ನಾಗಿ ಚೂರು ಮಾಡುತ್ತ ಕೂತ ಪಂಡಿತರು.

ಹಾಗಾದರೆ ಸಿಕ್ಕ ರಜೆಯಲ್ಲಿ ಅವರು ಮಾಡುವುದೇನು? ಇಲ್ಲಿ ಪಾಂಡಿತ್ಯ ಕೈಕೊಡುತ್ತದೆ. ಅವರ ಲೆಕ್ಕವೇನೋ ಸರಿ, ಆದರೆ ಅದೇ ಲೆಕ್ಕವನ್ನು ಬೆಂಗಳೂರಿನ ಪ್ರತಿ ಕಚೇರಿಯ ಪಂಡಿತರೂ ಮಾಡಿರುತ್ತಾರೆ, ಮಾಡಿ ಸಾರಿರುತ್ತಾರೆ. ಗುರುವಾರ ಸಂಜೆ ಎಲ್ಲರೂ ಒಟ್ಟಿಗೆ ಹೊರಟು ನೆಲಮಂಗಲದ ಟೋಲಿನಲ್ಲಿ ಒಬ್ಬರನ್ನೊಬ್ಬರು ಸಂಧಿಸುತ್ತಾರೆ. ಕೆ.ಎಸ್.ಆರ್.ಟಿ.ಸಿ. ಹೆಚ್ಚುವರಿ ಬಸ್ಸು ಬಿಡುತ್ತದೆ, ಅವೂ ತುಂಬುತ್ತವೆ. ಖಾಸಗಿ ಬಸ್ಸಿನ ದರ ಹಬ್ಬದ ಹಿಂದಿನ ದಿನ ವಿಮಾನದ ದರವನ್ನು ನಾಚಿಸುತ್ತದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ 120 ದಿನಕ್ಕೆ ಮುಂಚೆ ತೆರೆಯುತ್ತಿದ್ದದ್ದು 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಾಗ, ನಾಲ್ಕು ತಿಂಗಳು ಮುಂದೆ ನೋಡಬಲ್ಲ ತಮ್ಮ ಶಕ್ತಿಗೆ ರೈಲ್ವೆ ಮಾಡಿದ ಅವಮಾನವೆಂದೇ ಪಂಡಿತರು ಅದನ್ನು ತಿಳಿದರು. ಚಿಕ್ಕಮಗಳೂರು ಮುಟ್ಟಿದರೂ ಮುಳ್ಳಯ್ಯನಗಿರಿಯ ಘಾಟಿಯಲ್ಲಿ ಕಾರಿನ ಹಿಂದೆ ಕಾರು. ಮಂಜು ಕಾಣುತ್ತದೆ, ಬೆಟ್ಟ ಕಾಣುವುದಿಲ್ಲ, ಮುಂದಿನ ಕಾರಿನ ಬ್ರೇಕ್ ಲೈಟು ಚೆನ್ನಾಗಿ ಕಾಣುತ್ತದೆ. ಆ ಸಾಲಿನಲ್ಲಿ ನಿಂತ ಪಂಡಿತರನ್ನು ಗಮನಿಸಿದವರಿಗೆ ಒಂದು ಸಂಗತಿ ಹೊಳೆದಿರಬೇಕು. ಹೆಂಡತಿ ಮಕ್ಕಳು ಕಿಟಕಿಯ ಆಚೆ ನೋಡುತ್ತಿದ್ದರೆ ಅವರು ಮೊಬೈಲಿನ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳನ್ನು ನೋಡುತ್ತಿರುತ್ತಾರೆ. ಈ ರಜೆ ಅವರ ಪಾಲಿಗೆ ಹಿಂದೆಯೇ ಮುಗಿದುಹೋಗಿದೆ.

ಇಷ್ಟಾದರೂ ಆಕ್ಷೇಪಗಳಿವೆ. ಹಬ್ಬದ ಭಕ್ತಿಯನ್ನೆಲ್ಲ ಇವರು ವಾರದ ಲೆಕ್ಕಕ್ಕೆ ಇಳಿಸಿದರು ಎಂಬುದು ಹಿರಿಯರ ದೂರು. ಅದರಲ್ಲಿ ಹುರುಳಿಲ್ಲ. ಮಹಾವೀರ ಜಯಂತಿ, ಗುಡ್ ಫ್ರೈಡೆ, ಬಕ್ರೀದ್, ವಾಲ್ಮೀಕಿ ಜಯಂತಿ, ಕನಕದಾಸರ ಜಯಂತಿ ಇವುಗಳ ದಿನಾಂಕವನ್ನು ತಡವರಿಸದೆ ಹೇಳಬಲ್ಲ ಎಷ್ಟು ಭಕ್ತರಿದ್ದಾರೆ? ತಮ್ಮ ಹಬ್ಬವೊಂದನ್ನು ಬಿಟ್ಟು ಮಿಕ್ಕದ್ದು ನೆನಪಿಲ್ಲದ ಕಾಲದಲ್ಲಿ, ರಂಜಾನಿನ ಚಂದ್ರನಿಗಾಗಿ ಮಹಡಿ ಹತ್ತಿ ಪಡುವಣದ ಕಡೆ ಕತ್ತು ಚಾಚುವ ಸ್ಮಾರ್ತ ಬ್ರಾಹ್ಮಣರನ್ನೂ ಲಿಂಗಾಯತರನ್ನೂ ತಯಾರು ಮಾಡಿದ್ದು ಈ ರಜೆಯ ಪಟ್ಟಿಯೇ. ಸರ್ವಧರ್ಮ ಸಮಭಾವದ ಭಾಷಣಗಳಿಂದ ಆಗದ್ದು ಸೋಮವಾರಕ್ಕೆ ಒಂದು ರಜೆ ಅಂಟಿಕೊಂಡರೆ ಆಗುತ್ತದೆ. ಅವರ ಭಾವ ಶುದ್ಧವೋ ಅಲ್ಲವೋ ಎಂದು ಕೆದಕುವುದು ನಮಗೆ ಬೇಡ, ಭಕ್ತರ ಭಾವವನ್ನೂ ಯಾರೂ ತೂಕಕ್ಕೆ ಹಾಕಿ ನೋಡಿಲ್ಲ.

ದೇಶದ ದುಡಿಮೆ ಕುಂಠಿತವಾಗುತ್ತದೆ ಎಂಬ ದೂರು ಅರ್ಥಶಾಸ್ತ್ರದ ಕನ್ನಡಕ ಹಾಕಿಕೊಂಡವರದು. ಇದರಲ್ಲಿ ಸ್ವಲ್ಪ ಸತ್ಯವಿದೆ. ರಾಜ್ಯದ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ 1963ರದ್ದು. ಕಾರ್ಖಾನೆಯ ಕಾರ್ಮಿಕನಿಗೆ ಅದು ಖಾತರಿಪಡಿಸುವ ರಜೆ ವರ್ಷಕ್ಕೆ ಹತ್ತು, ಸರ್ಕಾರದ ಪಟ್ಟಿಯಲ್ಲಿರುವುದು ಸುಮಾರು ಇಪ್ಪತ್ತು. ಅಸಮಾನತೆ ಅಲ್ಲಿದೆ, ಒಪ್ಪೋಣ. ಆದರೆ ಆ ಇಪ್ಪತ್ತನ್ನು ಪಂಡಿತರು ಹೆಚ್ಚಿಸಿದವರಲ್ಲ, ಇದ್ದದ್ದನ್ನು ಹುಡುಕಿದವರು. ಕಳೆದುಹೋಗುತ್ತದೆ ಎನ್ನುವ ದುಡಿಮೆಯಾದರೂ ಎಷ್ಟರಮಟ್ಟಿಗೆ ಇತ್ತು ಎಂಬುದು ಬೇರೆಯೇ ಪ್ರಶ್ನೆ. ಜನರ ಅರ್ಜಿ ಬುಧವಾರವೂ ಅದೇ ಮೇಜಿನ ಮೇಲೆ ಮಲಗಿರುತ್ತದೆ. ರಜೆ ಎಂದು ಕರೆದದ್ದೆಲ್ಲ ರಜೆಯೂ ಅಲ್ಲ. 2025ರಲ್ಲಿ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆದಾಗ ಮಕ್ಕಳು ಕುಣಿದರು. ಮೇಷ್ಟರುಗಳು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಮನೆಮನೆಯ ಗೇಟು ತಟ್ಟುತ್ತ, ನಾಯಿಗಳಿಂದ ತಪ್ಪಿಸಿಕೊಳ್ಳುತ್ತ ತಿರುಗಿದರು. ಕರಾವಳಿ, ಮಲೆನಾಡುಗಳಲ್ಲಿ ಆಷಾಢದ ಮಳೆ ಜೋರಾದ ರಾತ್ರಿ ಜಿಲ್ಲಾಧಿಕಾರಿಗಳ ಆದೇಶಕ್ಕಾಗಿ ಮೊಬೈಲು ಹಿಡಿದು ಕಾಯುವ ಚಿಕ್ಕ ಪಂಡಿತರುಗಳಿಗೂ, ಇಂದು ಸಿಕ್ಕ ರಜೆಯನ್ನು ಮುಂದೊಂದು ಶನಿವಾರದ ಮಧ್ಯಾಹ್ನ ತೀರಿಸಬೇಕಾಗಬಹುದು ಎಂಬುದು ಬೇಗ ತಿಳಿಯುತ್ತದೆ.

ಪಂಡಿತರ ಬಳಿ ಉತ್ತರವಿಲ್ಲದ ಆಕ್ಷೇಪ ಒಂದೇ, ಅದು ಅಡುಗೆಮನೆಯಿಂದ ಬರುತ್ತದೆ. ಗೌರಿ, ಗಣೇಶ, ಮಹಾನವಮಿ, ದೀಪಾವಳಿ: ಕ್ಯಾಲೆಂಡರಿನಲ್ಲಿ ಅಂಕಿ ಕೆಂಪಾದಷ್ಟೂ ಒಲೆಯ ಮುಂದೆ ನಿಂತವರ ಕೆಲಸ ಜಾಸ್ತಿ. ಬೆಳಗಿನ ಜಾವಕ್ಕೆ ಎದ್ದು ತಲೆಗೆ ಎರೆದುಕೊಂಡು, ಹೂರಣ ರುಬ್ಬಿ, ಕರಿಗಡುಬು ಕರಿದು, ಬಂದ ನೆಂಟರಿಗೆ ಎಲೆ ಹಾಕುವಷ್ಟರಲ್ಲಿ ಮೂರು ಗಂಟೆ. ಮನೆಯಾಕೆಯೂ ಉದ್ಯೋಗಸ್ಥೆಯಾದರೆ ಅವಳ ಸಿ.ಎಲ್. ಹೋಗುವುದು ಹಬ್ಬದ ಹಿಂದಿನ ದಿನ ಪಾತ್ರೆ ಬೆಳಗುವುದಕ್ಕೆ, ಇಲ್ಲವೇ ಮಗುವಿನ ಜ್ವರಕ್ಕೆ. ಶುಕ್ರವಾರಗಳನ್ನು ಹುಡುಕುವಷ್ಟು ಬಂಡವಾಳ ಅವಳಲ್ಲಿ ಉಳಿದಿರುವುದಿಲ್ಲ. ಈ ಪಾಂಡಿತ್ಯದಲ್ಲಿ ಗಂಡಸರೇ ಹೆಚ್ಚೆಂದು ಮೊದಲೇ ಹೇಳಿದ್ದು ಇದೇ ಕಾರಣಕ್ಕೆ. "ಈ ಸಲ ಸಾಲಾಗಿ ನಾಲ್ಕು ದಿನ ರಜೆ ಕಣೇ" ಎಂದು ಪಂಡಿತರು ಮನೆಗೆ ಬಂದು ಸಂಭ್ರಮದಿಂದ ಹೇಳಿದಾಗ, "ಅಂದ್ರೆ ನಾಲ್ಕು ದಿನವೂ ನೀವು ಮನೇಲೇ ಇರ್ತೀರಾ?" ಎಂದು ಒಳಗಿನಿಂದ ಬರುವ ಪ್ರಶ್ನೆಯಲ್ಲಿ ಎಲ್ಲವೂ ಅಡಕವಾಗಿರುತ್ತದೆ. ಈ ಆಕ್ಷೇಪವನ್ನು ಅವರ ಪರವಾಗಿ ತಳ್ಳಿಹಾಕಲು ನನ್ನಿಂದಲೂ ಆಗದು. ಪಟ್ಟಿ ತಯಾರಿಸುವವರು ಹಬ್ಬಕ್ಕೆ ರಜೆ ಕೊಟ್ಟರು, ಹಬ್ಬದ ಮರುದಿನಕ್ಕೆ ಕೊಡಲಿಲ್ಲ. ಹಬ್ಬ ಮಾಡಿದವರಿಗೆ ರಜೆ ಬೇಕಾಗುವುದು ಮರುದಿನ.

ಇಷ್ಟೆಲ್ಲ ಹೇಳಿದರೂ ಮೈಗಳ್ಳ ಎಂಬ ತೀರ್ಪನ್ನೇ ಹಿಡಿದುಕೊಂಡವರು ನಿವೃತ್ತ ಪಂಡಿತರನ್ನು ಒಮ್ಮೆ ನೋಡಬೇಕು. ಬಿಡುವಿಗಾಗಿಯೇ ಈ ಜಪವೆಲ್ಲ ನಡೆದಿದ್ದರೆ ನಿವೃತ್ತಿಯ ಮರುದಿನವೇ ಅದು ನಿಲ್ಲಬೇಕಿತ್ತು. ಅರವತ್ತು ತುಂಬಿ, 300 ದಿನದ ಇ.ಎಲ್. ನಗದಾಗಿ, ವರ್ಷದ ಅಷ್ಟೂ ದಿನ ಕೆಂಪಾದ ಮೇಲೂ ಅವರು ಪತ್ರಿಕೆಯಲ್ಲಿ ರಜೆಯ ಪಟ್ಟಿ ಬಂದ ದಿನ ಕನ್ನಡಕ ಒರೆಸಿಕೊಂಡು ಕೂರುತ್ತಾರೆ. ಈಗ ಲೆಕ್ಕ ಪರರ ಸಲುವಾಗಿ. 2026ರ ಜನವರಿ 26 ಸೋಮವಾರ, ಹಿಂದಿನ 24 ನಾಲ್ಕನೇ ಶನಿವಾರ, ಮಗಳು ಹುಬ್ಬಳ್ಳಿಯಿಂದ ಬರಬಹುದು. ಡಿಸೆಂಬರ್ 25 ಶುಕ್ರವಾರ, 26 ನಾಲ್ಕನೇ ಶನಿವಾರ, ಅಳಿಯಂದಿರಿಗೂ ನೆಪ ಹೇಳಲು ಬರುವುದಿಲ್ಲ. ಆಗಸ್ಟ್ 15 ಮೂರನೇ ಶನಿವಾರ ಬಿದ್ದದ್ದರಲ್ಲಿ ಒಂದು ಸೂಕ್ಷ್ಮವಿದೆ: ಮೂರನೇ ಶನಿವಾರ ಕೆಲಸವಿರುವ ತಾಲ್ಲೂಕು ಕಚೇರಿಯವರಿಗೆ ಒಂದು ದಿನ ಲಾಭ, ಎಲ್ಲ ಶನಿವಾರವೂ ಬಿಡುವಿರುವ ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗನಿಗೆ ಒಂದು ದಿನ ಖೋತಾ. ಸ್ವಾತಂತ್ರ್ಯ ಒಂದೇ, ಫಲ ಎರಡು ಬಗೆ. ಆ ಹುಡುಗ ಬೈಕು ತೆಗೆಯುವಾಗ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಪಂಡಿತರು ಇದನ್ನು ವಿವರಿಸುತ್ತಾರೆ. ಅವನು ಈ ನಷ್ಟವನ್ನು ಗಮನಿಸಿಯೇ ಇರಲಿಲ್ಲ, "ಹೋಗ್ಲಿ ಬಿಡಿ ಅಂಕಲ್" ಎಂದು ಹೆಲ್ಮೆಟ್ಟು ಹಾಕಿಕೊಳ್ಳುತ್ತಾನೆ. ಹೋಗಲಿ ಬಿಡುವುದು ಹೇಗೆ? ನವೆಂಬರ್ 1 ಭಾನುವಾರ ಬಂದಿರುವುದನ್ನು ಅವನಿಗೆ ಇನ್ನೂ ಹೇಳಿಯೇ ಇಲ್ಲ.